ಆರೂವರೆಯ ನಂತರದ ಮುಂಬೈ

ಕೆಲಸದ ಮೇಲೆ ಬೇರೆ ಊರಿಗೆ ಹೋದವರಿಗೆ ಹಗಲು ಒಂದು ಸಮಸ್ಯೆಯೇ ಅಲ್ಲ. ಮೀಟಿಂಗು, ಲಂಚು, ಇನ್ನೊಂದು ಮೀಟಿಂಗು, ಹಗಲು ತನ್ನಷ್ಟಕ್ಕೆ ಕಳೆದುಹೋಗುತ್ತೆ. ಕಷ್ಟ ಶುರುವಾಗೋದು ಸಂಜೆ ಆರೂವರೆಗೆ. ಹೋದ ವರ್ಷ ನಾನು ನಾಲ್ಕು ದಿನಕ್ಕೆ ಮುಂಬೈಗೆ ಹೋಗಿದ್ದೆ, ಲೋಯರ್ ಪರೇಲಿನ ಒಂದು ಆಫೀಸಿಗೆ. ಮೊದಲ ದಿನ ಲ್ಯಾಪ್‌ಟಾಪ್ ಮುಚ್ಚಿದ ಐದೇ ನಿಮಿಷಕ್ಕೆ ಅಲ್ಲಿನವರೆಲ್ಲ ಲೋಕಲ್ ಹಿಡಿಯೋಕೆ ಓಡಿದರು. ಒಬ್ಬಾಕೆ ಮಾತ್ರ ಲಿಫ್ಟಿನ ಹತ್ತಿರ ನಿಂತು, ‘ನೀವು ಸಂಜೆ ಏನು ಮಾಡ್ತೀರಿ? ರೂಮಿಗೆ ಹೋಗಿ ಏನಾದ್ರೂ ಆರ್ಡರ್ ಮಾಡ್ಕೊಳ್ಳಿ, ಅದೇ ಆರಾಮು’ ಅಂದಳು. ಹಾಗೇ ಮಾಡಿದೆ. ಪನೀರ್ ರೋಲ್ ತಿಂದು, ಮೊಬೈಲ್ ನೋಡಿ, ಹತ್ತಕ್ಕೆ ಮಲಗಿದೆ. ಎರಡು ಕೋಟಿ ಜನರಿರುವ ಊರಿನಲ್ಲಿ ನನ್ನ ಮೊದಲ ಸಂಜೆ ಅಷ್ಟೇ.

ಅವತ್ತು ರಾತ್ರಿ ಕುಂದಾಪುರದ ಕಡೆಯ ನಮ್ಮ ಊರಿಂದ ಅಜ್ಜ ಫೋನ್ ಮಾಡಿದ್ದರು. ಅಮ್ಮನ ಅಪ್ಪ. ಅವರು 1957ರಲ್ಲಿ, ಹನ್ನೆರಡನೇ ವಯಸ್ಸಿಗೆ, ಬೊಂಬಾಯಿಯ ಫೋರ್ಟಿನ ಒಂದು ಹೋಟೆಲಿಗೆ ಮಾಣಿಯಾಗಿ ಹೋದವರು. ಹನ್ನೊಂದು ವರ್ಷ ಅಲ್ಲಿದ್ದರು. ಕರಾವಳಿಯ ಮನೆಗಳಲ್ಲಿ ಇಂಥ ಅಜ್ಜಂದಿರು ಎಷ್ಟು ಮಂದಿ ಇದ್ದಾರೋ ಲೆಕ್ಕವಿಲ್ಲ. ‘ಅಜ್ಜ, ನೀವು ಇಲ್ಲಿ ಸಂಜೆ ಹೊತ್ತು ಏನು ಮಾಡ್ತಿದ್ರಿ? ಮೆರೀನ್ ಡ್ರೈವ್ ಕಡೆಗೆಲ್ಲ ಹೋಗ್ತಿದ್ರಾ?’ ಅಂತ ಕೇಳಿದೆ.

‘ಸಂಜಿ ಅಂದ್ರೆ ಶಾಲಿ ಮಗಾ. ಆರೂವರಿಗೆ ಶಾಲಿ, ಒಂಬತ್ತ್ ಗಂಟಿಗೆ ವಾಪಾಸ್ ಹೋಟ್ಲ್. ಮೆರೀನ್ ಡ್ರೈವ್ ಕಾಂಬುಕೆ ಪುರ್ಸೊತ್ತ್ ಎಲ್ಲಿತ್ತ್?’

ಫೋರ್ಟಿನಿಂದ ಮೆರೀನ್ ಡ್ರೈವಿಗೆ ನಡೆದರೆ ಇಪ್ಪತ್ತು ನಿಮಿಷ. ಹನ್ನೊಂದು ವರ್ಷದಲ್ಲಿ ಆ ಇಪ್ಪತ್ತು ನಿಮಿಷ ಸಿಕ್ಕಿಲ್ಲ. ನನಗೆ ನಾಲ್ಕು ಸಂಜೆ ಬಿಟ್ಟಿ ಸಿಕ್ಕಿದೆ, ಏನು ಮಾಡಬೇಕೋ ಗೊತ್ತಿಲ್ಲ. ಇತಿಹಾಸ ಓದಿದ ಚಟ ನನ್ನದು, ಬರೀ ಬೇಜಾರು ಮಾಡಿಕೊಂಡು ಸುಮ್ಮನಿರೋಕೆ ಬರಲ್ಲ. ಈ ಸಂಜೆ ಅನ್ನೋದು ಈ ಊರಿಗೆ ಯಾವಾಗ ಬಂತು ಅಂತ ಯೋಚಿಸತೊಡಗಿದೆ.

ಪ್ರಶ್ನೆ ಪೆದ್ದಾಗಿ ಕೇಳಿಸಬಹುದು. ಸೂರ್ಯ ಮುಳುಗಿದರೆ ಸಂಜೆ, ಅದಕ್ಕೇನು ಇತಿಹಾಸ? ಆದರೆ ನಾನು ಕೂತಿದ್ದ ಆಫೀಸು ಹಳೇ ಬಟ್ಟೆ ಗಿರಣಿಯ ಕಾಂಪೌಂಡಿನಲ್ಲಿತ್ತು. ಲೋಯರ್ ಪರೇಲಿನಲ್ಲಿ ಈಗ ಇರುವ ಮಾಲು, ಪಬ್ಬು, ಗಾಜಿನ ಟವರುಗಳಲ್ಲಿ ಅನೇಕವು ಹಾಗೆ ಗಿರಣಿಗಳ ಜಾಗದಲ್ಲೇ ಎದ್ದವು. ಮರಾಠಿಯಲ್ಲಿ ಈ ಇಡೀ ಪ್ರದೇಶಕ್ಕೆ ಗಿರಣಗಾಂವ್ ಅಂತಲೇ ಹೆಸರು. ಆ ಗಿರಣಿಯವರಿಗೆ ಸಂಜೆ ಎನ್ನುವುದು ಸೂರ್ಯ ಕೊಟ್ಟದ್ದಲ್ಲ, ಕಾನೂನು ಕೊಟ್ಟದ್ದು. ಅದೂ ತುಂಬ ನಿಧಾನವಾಗಿ, ಗಂಟೆ ಗಂಟೆ ಲೆಕ್ಕ ಹಾಕಿ.

ಹತ್ತೊಂಬತ್ತನೇ ಶತಮಾನದಲ್ಲಿ ಗಿರಣಿ ಓಡುತ್ತಿದ್ದದ್ದು ಬೆಳಕು ಮೂಡಿದಾಗಿನಿಂದ ಬೆಳಕು ಹೋಗುವವರೆಗೆ. ಬೇಸಿಗೆಯಲ್ಲಿ ಹಗಲು ಉದ್ದ, ಆದ್ದರಿಂದ ಕೆಲಸವೂ ಉದ್ದ. ವಾರದ ರಜೆ ಎನ್ನುವುದೇ ಇರಲಿಲ್ಲ. ಜೋತಿಬಾ ಫುಲೆಯವರ ಜೊತೆಗಾರ ನಾರಾಯಣ ಮೇಘಾಜಿ ಲೋಖಂಡೆ ಗಿರಣಿ ಕೆಲಸಗಾರರನ್ನು ಕೂಡಿಸಿ ವರ್ಷಗಟ್ಟಲೆ ಹೋರಾಡಿದ ಮೇಲೆ 1890ರ ಜೂನ್ 10ರಂದು ಮಾಲೀಕರು ಭಾನುವಾರದ ರಜೆಗೆ ಒಪ್ಪಿದರು. ವೀಕೆಂಡು ವೀಕೆಂಡು ಅಂತ ನಾವು ಶುಕ್ರವಾರದಿಂದಲೇ ಶುರು ಹಚ್ಚಿಕೊಳ್ಳುತ್ತೇವಲ್ಲ, ಅದರಲ್ಲಿ ಅರ್ಧ ಲೋಖಂಡೆಯವರದ್ದು. ಇನ್ನರ್ಧ, ಶನಿವಾರ, ಇನ್ನೂ ಎಷ್ಟೋ ಜನರಿಗೆ ಸಿಕ್ಕಿಲ್ಲ ಅನ್ನೋದು ಬೇರೆ ಮಾತು.

ಆಮೇಲೆ ಕರೆಂಟು ಬಂತು. 1905ರ ಆಗಸ್ಟಿನಲ್ಲಿ ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿದೀಪ ಹತ್ತಿದ್ದನ್ನು ನಾವು ಶಾಲೆಯಲ್ಲಿ ಹೆಮ್ಮೆಯಿಂದ ಓದಿದ್ದೇವೆ. ಸರಿಸುಮಾರು ಅದೇ ಹೊತ್ತಿಗೆ ಮುಂಬೈಯ ಗಿರಣಿಗಳ ಒಳಗೂ ವಿದ್ಯುತ್ ದೀಪ ಹತ್ತಿತು. ಅಲ್ಲಿ ಅದು ಹಬ್ಬವಾಗಲಿಲ್ಲ. ಕತ್ತಲಾಯಿತು ಅಂತ ಮಗ್ಗ ನಿಲ್ಲಿಸುವ ಅಗತ್ಯವೇ ಇಲ್ಲದ್ದರಿಂದ ಕೆಲಸ ದಿನಕ್ಕೆ ಹದಿನಾಲ್ಕು, ಹದಿನೈದು ಗಂಟೆಗೆ ಏರಿತು. 1905ರಲ್ಲಿ ಇದರ ವಿರುದ್ಧ ಕೆಲಸಗಾರರು ಗಲಾಟೆ ಮಾಡಿದರು. ದೀಪ ಬಂದರೆ ಸಂಜೆ ಬರುತ್ತೆ ಅಂತ ನಾವು ತಿಳಿದುಕೊಂಡಿರುತ್ತೇವೆ. ಪರೇಲಿನಲ್ಲಿ ದೀಪ ಬಂದು ಇದ್ದ ಸಂಜೆಯನ್ನೂ ನುಂಗಿತು. ರಾತ್ರಿ ಒಂಬತ್ತೂವರೆಗೆ ‘ಒಂದು ಕ್ವಿಕ್ ಕಾಲ್’ ಅಂತ ಮೆಸೇಜ್ ಬಂದಾಗಲೆಲ್ಲ ನನಗೆ ಈಗ ಆ ದೀಪ ನೆನಪಾಗುತ್ತೆ.

1911ರ ಕಾಯ್ದೆ ಬಟ್ಟೆ ಗಿರಣಿಯ ಗಂಡಸರಿಗೆ ದಿನಕ್ಕೆ ಹನ್ನೆರಡು ಗಂಟೆಯ ಮಿತಿ ಹಾಕಿತು. 1922ರಲ್ಲಿ ಹನ್ನೊಂದು. 1934ರಲ್ಲಿ ಹತ್ತು. ಸ್ವಾತಂತ್ರ್ಯ ಬಂದ ಮೇಲೆ 1948ರ ಕಾರ್ಖಾನೆ ಕಾಯ್ದೆಯಲ್ಲಿ ದಿನಕ್ಕೆ ಒಂಬತ್ತು, ವಾರಕ್ಕೆ 48. ಅಂದರೆ ಮುಕ್ಕಾಲು ಪಾಲು ಸಂಜೆ ಸಿಗೋಕೆ ಸುಮಾರು ನಲವತ್ತು ವರ್ಷ ಬೇಕಾಯಿತು. ಅಂಗಡಿ, ಹೋಟೆಲುಗಳ ಕೆಲಸಗಾರರ ಕತೆ ಬೇರೆ. ಅವರನ್ನು ಕಾನೂನು ನೋಡಿದ್ದು ಇನ್ನೂ ತಡವಾಗಿ: ಬಾಂಬೆ ಪ್ರಾಂತ್ಯ 1939ರಲ್ಲಿ ದೇಶದಲ್ಲೇ ಮೊದಲು ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ ಮಾಡಿತು. ಕಾಗದದ ಮೇಲೆ ಅಜ್ಜನಿಗೂ ಕೆಲಸದ ಗಂಟೆ, ವಾರದ ರಜೆ ಎಲ್ಲ ಇತ್ತು. ‘ಆ ಕಾಗ್ದ ನಮ್ಮ್ ಧಣಿಗೆ ಯಾರೂ ಓದಿ ಹೇಳ್ಲಿಲ್ಲ’ ಅಂತ ಅಜ್ಜ ನಗುತ್ತಾರೆ.

ಇನ್ನು, ಆ ಸಿಕ್ಕ ಸಂಜೆಯಲ್ಲಿ ಏನು ಮಾಡುತ್ತಿದ್ದರು?

ಮುಂಬೈ ಆಗ ಒಂಟಿ ಗಂಡಸರ ಊರು. ರತ್ನಾಗಿರಿ, ಸಾತಾರಾ, ಉತ್ತರ ಪ್ರದೇಶ, ನಮ್ಮ ಕರಾವಳಿ, ಎಲ್ಲ ಕಡೆಯಿಂದ ಬಂದವರು ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದವರು. 1921ರ ಜನಗಣತಿಯ ಹೊತ್ತಿಗೆ ಊರಿನಲ್ಲಿ ಗಂಡಸರ ಸಂಖ್ಯೆಯ ಅರ್ಧದಷ್ಟು ಮಾತ್ರ ಹೆಂಗಸರಿದ್ದರು. ಕೆಲಸಗಾರರಲ್ಲಿ ಬಹುಪಾಲು ಜನ ಚಾಳಿನ ಒಂದೇ ಕೋಣೆಯಲ್ಲಿ. 1920ರ ದಶಕದಲ್ಲಿ ಸರ್ಕಾರವೇ ಕಟ್ಟಿದ ಬಿಡಿಡಿ ಚಾಳುಗಳು ಲೋಯರ್ ಪರೇಲ್, ವರ್ಲಿ, ನಾಯಗಾಂವ್‌ಗಳಲ್ಲಿವೆ. ಅಲ್ಲಿ ಒಂದು ಮನೆ ಅಂದರೆ 160 ಚದರಡಿ. ನನ್ನ ಹೋಟೆಲ್ ರೂಮು ಅದಕ್ಕಿಂತ ದೊಡ್ಡದಿತ್ತು. ಅಂಥ ಕೋಣೆಯಲ್ಲಿ ಹತ್ತು ಹದಿನೈದು ಜನ ಬಾಡಿಗೆ ಹಂಚಿಕೊಳ್ಳುತ್ತಿದ್ದರು, ಪಾಳಿಯ ಲೆಕ್ಕದಲ್ಲಿ ನಿದ್ದೆ. ರಾತ್ರಿ ಪಾಳಿಯವನು ಹೊರಟ ಜಾಗದಲ್ಲಿ ಹಗಲು ಪಾಳಿಯವನು ಮಲಗಬೇಕು.

ಹಾಗಾಗಿ ಕೆಲಸ ಮುಗಿಸಿ ಬಂದವನಿಗೆ ಹೋಗೋಕೆ ಮನೆ ಅಂತ ಇರಲಿಲ್ಲ. ಅವನು ಹೊರಗೇ ಇರಬೇಕಿತ್ತು. ಮುಂಬೈಯ ಸಂಜೆಯ ಗಲಗಲ, ಆ ರಾತ್ರಿ ಜೀವನ ಅಂತ ನಾವೆಲ್ಲ ಹೊಗಳುತ್ತೇವಲ್ಲ, ಅದರ ಬುಡದಲ್ಲಿ ಇರೋದು ಜಾಗದ ಬಡತನ. ಮೂಲೆ ಮೂಲೆಯಲ್ಲಿ ಇರಾನಿ ಹೋಟೆಲು, ಒಂದು ಚಹಾಕ್ಕೆ ಗಂಟೆಗಟ್ಟಲೆ ಕೂರಬಹುದು. ಓಣಿಯಲ್ಲಿ ಭಜನೆ ಮಂಡಳಿ, ತಮಾಶಾ, ವ್ಯಾಯಾಮ ಶಾಲೆ. ಊಟಕ್ಕೆ ಖಾನಾವಳಿ. ಹುಬ್ಬಳ್ಳಿ ಧಾರವಾಡದವರಿಗೆ ಈ ಪದ ಹೊಸದಲ್ಲ. ಆದರೆ ಗಿರಣಗಾಂವದ ಖಾನಾವಳಿ ಅಂದರೆ ಬೋರ್ಡು ಹಾಕಿದ ಹೋಟೆಲಲ್ಲ. ಒಬ್ಬ ಹೆಂಗಸು ತನ್ನ ಒಂದೇ ಕೋಣೆಯಲ್ಲಿ ಒಲೆ ಹಚ್ಚಿ ಹತ್ತು, ಇಪ್ಪತ್ತು ಜನಕ್ಕೆ ತಿಂಗಳ ಲೆಕ್ಕದಲ್ಲಿ ಬೇಯಿಸಿ ಹಾಕುವುದು. ಸಂಬಳ ಬಂದಾಗ ದುಡ್ಡು, ಮುಷ್ಕರವಾದರೆ ಸಾಲ. ಆ ಹೆಂಗಸರ ಸಂಜೆಗೆ ಯಾವ ಕಾಯ್ದೆಯೂ ಮಿತಿ ಹಾಕಲಿಲ್ಲ. 1975ರಲ್ಲಿ ಪ್ರೇಮಾ ಪುರಾವ್ ಅವರು ಇಂಥವರನ್ನೇ ಸೇರಿಸಿ ಅನ್ನಪೂರ್ಣಾ ಮಹಿಳಾ ಮಂಡಲ ಕಟ್ಟಿ, ಬಡ್ಡಿಯವರ ಕೈಯಿಂದ ಬಿಡಿಸಿ ಬ್ಯಾಂಕ್ ಸಾಲ ಕೊಡಿಸಲು ಹೊರಟರು. 1982ರ ಜನವರಿ 18ಕ್ಕೆ ಶುರುವಾದ ದತ್ತಾ ಸಾಮಂತರ ಮುಷ್ಕರದ ಮೇಲೆ ಗಿರಣಿಗಳು ಒಂದೊಂದಾಗಿ ಸತ್ತವು. ಸುಮಾರು ಎರಡೂವರೆ ಲಕ್ಷ ಜನರ ಕೆಲಸಕ್ಕೆ ಕುತ್ತು ಬಂತು. ಆ ಖಾನಾವಳಿಗಳ ಒಲೆಯೂ ಆರಿತು. ಗಿರಣಿಯ ಭೋಂಗಾ ಕೇಳಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದ ಬೀದಿಯಲ್ಲಿ ಈಗ ಹ್ಯಾಪಿ ಅವರ್ಸ್ ಬೋರ್ಡು.

ಆಫೀಸಿನ ಪಕ್ಕದ ದೊಡ್ಡ ರಸ್ತೆಯ ಹೆಸರು ಎನ್. ಎಂ. ಜೋಶಿ ಮಾರ್ಗ. ಕ್ಯಾಬಿನವರಿಗೆ ದಿನಾ ಹೇಳುತ್ತಿದ್ದೆ, ಯಾರು ಜೋಶಿ ಅಂತ ಎರಡನೇ ದಿನ ಹೊಳೆಯಿತು. ಎಐಟಿಯುಸಿ ಕಟ್ಟಿದವರಲ್ಲಿ ಒಬ್ಬರು. ಅದಕ್ಕೂ ಮೊದಲು, 1911ರಲ್ಲಿ, ಸೋಷಿಯಲ್ ಸರ್ವಿಸ್ ಲೀಗ್ ಶುರು ಮಾಡಿ ಕೆಲಸಗಾರರಿಗಾಗಿ ರಾತ್ರಿ ಶಾಲೆ, ಓದುವ ಕೋಣೆ ನಡೆಸಿದವರು. ಕೆಲಸದ ಗಂಟೆ ಇಳಿದಂತೆಲ್ಲ ಆ ಖಾಲಿ ಗಂಟೆಯನ್ನು ಯಾರು ತುಂಬಬೇಕು ಅನ್ನೋ ಚಿಂತೆ ಸಮಾಜ ಸುಧಾರಕರಿಗೆ ಹತ್ತಿತ್ತು. ಬಿಟ್ಟರೆ ಕುಡೀತಾರೆ ಅನ್ನೋ ಭಯ. ಸರ್ಕಾರ 1949ರ ಕಾಯ್ದೆ ತಂದು ಪೂರ್ತಿ ಪಾನನಿಷೇಧವನ್ನೇ ಮಾಡಿ ನೋಡಿತು. ಮುಂಬೈಯ ಬಾರುಗಳ ಮೇಲೆ ಇವತ್ತಿಗೂ ‘ಪರ್ಮಿಟ್ ರೂಮ್’ ಅಂತ ಬರೆದಿರೋದು ಆ ಕಾಲದ ಪಳೆಯುಳಿಕೆ. ಬಡವನ ಬಿಡುವು ಅಂದರೆ ಎಲ್ಲರಿಗೂ ಏನೋ ಆತಂಕ.

ಎರಡನೇ ಸಂಜೆ ರೂಮಿಗೆ ಹೋಗಲಿಲ್ಲ. ಚರ್ಚ್‌ಗೇಟ್ ಲೋಕಲ್ ಹತ್ತಿ, ಇಳಿದು, ಕಾಲಾಘೋಡಾಕ್ಕೆ ನಡೆದೆ. ಅಲ್ಲಿ ಡೇವಿಡ್ ಸಸೂನ್ ಲೈಬ್ರರಿ ಇದೆ. ಕಟ್ಟಡ 1870ರದ್ದು, ಆದರೆ ಸಂಸ್ಥೆ 1847ರದ್ದು. ಸರ್ಕಾರಿ ಟಂಕಸಾಲೆ ಮತ್ತು ಹಡಗುಕಟ್ಟೆಯಲ್ಲಿ ಕೆಲಸ ಮಾಡುತ್ತಿದ್ದ ಮೆಕ್ಯಾನಿಕ್ಕುಗಳು ಸೇರಿಕೊಂಡು ಶುರು ಮಾಡಿದ್ದು. ಕೆಲಸ ಮುಗಿದ ಮೇಲೆ ಓದೋಕೆ, ಮಾತಾಡೋಕೆ ಒಂದು ಜಾಗ. ಇವತ್ತಿಗೂ ಮೇಲಿನ ಜಗಲಿಯಲ್ಲಿ ಕಾಲು ಚಾಚುವ ಉದ್ದದ ಆರಾಮ ಕುರ್ಚಿಗಳಿವೆ. ಹೊರಗೆ ನಿಂತು ನೋಡಿ ಹೊಟ್ಟೆಕಿಚ್ಚು ಪಟ್ಟೆ.

ಅಲ್ಲೇ ಹತ್ತಿರದಲ್ಲಿ ವ್ಯಾಟ್ಸನ್ಸ್ ಹೋಟೆಲಿನ ಕಬ್ಬಿಣದ ಕಟ್ಟಡ, ಈಗ ಶಿಥಿಲ. 1896ರ ಜುಲೈ 7ರಂದು ಲೂಮಿಯೆರ್ ಸಹೋದರರ ಚಲಿಸುವ ಚಿತ್ರಗಳನ್ನು ಭಾರತದಲ್ಲಿ ಮೊದಲು ತೋರಿಸಿದ್ದು ಇಲ್ಲಿ, ಸಂಜೆ ಆರರಿಂದ ಶುರುವಾಗಿ ರಾತ್ರಿ ಹತ್ತರ ತನಕ ನಾಲ್ಕು ಆಟ, ಟಿಕೆಟ್ ಒಂದು ರೂಪಾಯಿ. ಮುಂದಿನ ವಾರ ಆಟಗಳು ನಾವೆಲ್ಟಿ ಥಿಯೇಟರಿಗೆ ಹೋದವು. ಅಲ್ಲಿ ಪರದೆಯ ಹೆಂಗಸರಿಗೆ ಅಂತ ಬೇರೆ ಬಾಕ್ಸುಗಳನ್ನಿಟ್ಟರು. ಇದನ್ನು ಓದಿದಾಗಲೆಲ್ಲ ನನಗೆ ಎರಡೂ ಅನಿಸುತ್ತೆ: ಅಬ್ಬ, ಮೊದಲ ತಿಂಗಳಲ್ಲೇ ಹೆಂಗಸರು ಬಂದರಲ್ಲ; ಅಯ್ಯೋ, ಬಾಕ್ಸಿನೊಳಗೇ ಬಂದರಲ್ಲ.

ಕಾನೂನಿನ ಕತೆಯೂ ಹೀಗೇ. ಮೇಲೆ ಗಂಡಸರ ಗಂಟೆ ಲೆಕ್ಕ ಹೇಳಿದೆ. ಹೆಂಗಸರದ್ದು ಬೇರೆ ಇತ್ತು. 1891ರ ಕಾಯ್ದೆ ಹೆಂಗಸರಿಗೆ ದಿನಕ್ಕೆ ಹನ್ನೊಂದು ಗಂಟೆಯ ಮಿತಿ ಕೊಟ್ಟಿತು, ಗಂಡಸರಿಗಿಂತ ಇಪ್ಪತ್ತು ವರ್ಷ ಮೊದಲೇ. ಜೊತೆಗೆ ರಾತ್ರಿ ಎಂಟರಿಂದ ಬೆಳಗಿನ ಐದರವರೆಗೆ ಗಿರಣಿಗೆ ಕಾಲಿಡಬಾರದು ಅಂತಲೂ ಸೇರಿಸಿತು. 1948ರ ಕಾಯ್ದೆ ಆ ಗೆರೆಯನ್ನು ಸಂಜೆ ಏಳಕ್ಕೇ ಎಳೆಯಿತು. ಒಳ್ಳೆಯದಕ್ಕೇ ಮಾಡಿದ್ದು, ಇಲ್ಲ ಅನ್ನೋಲ್ಲ. ಆದರೆ ಪಾಳಿಯ ಲೆಕ್ಕದಲ್ಲಿ ಓಡುವ ಗಿರಣಿಗೆ ರಾತ್ರಿ ಬಾರದ ಕೆಲಸಗಾರ್ತಿ ಬೇಡವಾದಳು, ವರ್ಷ ವರ್ಷಕ್ಕೂ ಗಿರಣಿಯಲ್ಲಿ ಹೆಂಗಸರು ಕಡಿಮೆಯಾದರು. ಮಹಾರಾಷ್ಟ್ರದ ಅಂಗಡಿ ಸಂಸ್ಥೆಗಳಲ್ಲಿ ಹೆಣ್ಣುಮಕ್ಕಳು ತಾವು ಒಪ್ಪಿದರೆ, ಭದ್ರತೆ ಕೊಟ್ಟರೆ, ರಾತ್ರಿ ಒಂಬತ್ತೂವರೆಯ ಮೇಲೂ ದುಡಿಯಬಹುದು ಅಂತ ಆದದ್ದು 2017ರ ಕಾಯ್ದೆಯಲ್ಲಿ. ಮೊನ್ನೆ ಮೊನ್ನೆ.

ದುಡಿಯಬಹುದು ಸರಿ. ಸುಮ್ಮನೆ ಕೂರಬಹುದಾ? ಶಿಲ್ಪಾ ಫಡ್ಕೆ, ಸಮೀರಾ ಖಾನ್, ಶಿಲ್ಪಾ ರಾನಡೆ ಮುಂಬೈಯ ಬೀದಿಗಳನ್ನು ಅಧ್ಯಯನ ಮಾಡಿ 2011ರಲ್ಲಿ ‘ವೈ ಲಾಯ್ಟರ್?’ ಅನ್ನೋ ಪುಸ್ತಕ ಬರೆದರು. ಹೆಣ್ಣು ಬೀದಿಯಲ್ಲಿದ್ದರೆ ಅವಳಿಗೊಂದು ಕಾರಣ ಇರಬೇಕು, ಇದೆ ಅಂತ ತೋರಿಸಿಕೊಳ್ಳಬೇಕು, ಬಸ್ಸಿಗೆ ಕಾಯ್ತಿದ್ದೀನಿ, ತರಕಾರಿ ತರ್ತಿದ್ದೀನಿ ಅಂತ. ಕಾರಣವಿಲ್ಲದೆ ನಿಲ್ಲುವ ಹಕ್ಕೇ ನಿಜವಾದ ಹಕ್ಕು ಅನ್ನೋದು ಅವರ ವಾದ. ಕಾಲಾಘೋಡಾದ ಫುಟ್‌ಪಾತಿನಲ್ಲಿ ನಾನು ಏನು ಮಾಡುತ್ತಿದ್ದೆ ಅಂತ ಆಮೇಲೆ ಗಮನಿಸಿದೆ. ಫೋನ್ ಕಿವಿಗಿಟ್ಟುಕೊಂಡಿದ್ದೆ. ಆ ಕಡೆ ಯಾರೂ ಇರಲಿಲ್ಲ.

ಮೂರನೇ ಸಂಜೆ ಮಾಟುಂಗಾ. ದಾದರಿನಲ್ಲಿ ಸೆಂಟ್ರಲ್ ಲೈನಿಗೆ ಬದಲಾಯಿಸಿದರೆ ಮುಂದಿನ ಸ್ಟೇಷನ್. 1896ರ ಪ್ಲೇಗಿನ ನಂತರ ಹುಟ್ಟಿದ ಇಂಪ್ರೂವ್‌ಮೆಂಟ್ ಟ್ರಸ್ಟ್ ಗಾಳಿ ಬೆಳಕು ಇರಲಿ ಅಂತ ಯೋಜನೆ ಹಾಕಿ ಬೆಳೆಸಿದ ಬಡಾವಣೆ ಇದು, ದಕ್ಷಿಣದವರ ನೆಲೆಯಾಯಿತು. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ ಇಲ್ಲಿದೆ. ನೀವು ಹೋದ ದಿನ ಕನ್ನಡ ನಾಟಕವೋ ಸಂಗೀತವೋ ಇದ್ದರೆ ನಿಮ್ಮ ಪುಣ್ಯ, ನಾನು ಹೋದ ದಿನ ಇರಲಿಲ್ಲ. ಸ್ಟೇಷನ್ ಪಕ್ಕದಲ್ಲೇ ಎ. ರಾಮ ನಾಯಕರು 1942ರಲ್ಲಿ ಶುರು ಮಾಡಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. ‘ಬೋರ್ಡಿಂಗ್’ ಅನ್ನೋ ಪದ ಗಮನಿಸಿ. ಮನೆಯಿಲ್ಲದೆ ದಿನಾ ಬಂದು ಉಣ್ಣುವವರಿಗಾಗಿ ಹುಟ್ಟಿದ ಜಾಗಗಳಿವು. ಹಾಗಾಗಿ ಒಬ್ಬರೇ ಹೋದರೆ ಯಾರೂ ‘ಒಬ್ರೇನಾ?’ ಅಂತ ಮುಖ ನೋಡೋಲ್ಲ. ಬೆಂಗಳೂರಿನ ಎಷ್ಟೋ ರೆಸ್ಟೋರೆಂಟುಗಳಲ್ಲಿ ಒಂಟಿ ಗಿರಾಕಿಗೆ ಬಾತ್ರೂಮ್ ಬಾಗಿಲ ಪಕ್ಕದ ಟೇಬಲ್ ಗ್ಯಾರಂಟಿ. ಇಲ್ಲಿ ಬಾಳೆಲೆಯ ಮುಂದೆ ಗುರುತಿಲ್ಲದ ಮೂವರ ಜೊತೆ ಕೂತೆ. ಸಾರು ಹಾಕಲು ಬಂದವರು ಹಿಂದಿಯಲ್ಲಿ ಕೇಳಿದರು, ನಾನು ಕನ್ನಡದಲ್ಲಿ ‘ಸ್ವಲ್ಪ ಸಾಕು’ ಅಂದೆ. ಜಾಸ್ತಿಯೇ ಹಾಕಿದರು.

ಉಂಡು ಹೊರಬಂದಾಗ ಅಜ್ಜನ ರಾತ್ರಿ ಶಾಲೆ ಕಾಡಿತು. ಮುಂಬೈಯಲ್ಲಿ ಕನ್ನಡದ ರಾತ್ರಿ ಶಾಲೆಗಳು ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲೇ ಶುರುವಾದವು. ಮೊಗವೀರರು, ಬಂಟರು, ಬಿಲ್ಲವರು, ಹೀಗೆ ಒಂದೊಂದು ಸಮುದಾಯದ ಸಂಘಗಳು ಊರಿಂದ ಬಂದ ಹುಡುಗರಿಗಾಗಿ ನಡೆಸಿದವು. ಹಗಲು ಬೇರೆ ಯಾರದೋ ಶಾಲೆಯಾಗಿದ್ದ ಕೋಣೆ ಆರೂವರೆಗೆ ಇವರದಾಗುತ್ತಿತ್ತು. ಅಜ್ಜನ ದಿನಚರಿ ಇದು: ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಒಲೆ, ಆಮೇಲೆ ಮುಸುರೆ, ಟೇಬಲ್ ಒರೆಸೋದು. ಆರೂವರೆಗೆ ಕೈ ತೊಳೆದು ಶಾಲೆ. ಒಂಬತ್ತಕ್ಕೆ ಬಂದು ಹೋಟೆಲ್ ಮುಚ್ಚುವ ಕೆಲಸ, ಹನ್ನೊಂದೂವರೆಗೆ ಅದೇ ಟೇಬಲ್ಲುಗಳನ್ನು ಜೋಡಿಸಿಕೊಂಡು ನಿದ್ದೆ. ತರಗತಿಯಲ್ಲಿ ಅರ್ಧ ಹುಡುಗರು ತೂಕಡಿಸುತ್ತಿದ್ದರಂತೆ. ಮೇಷ್ಟ್ರೂ ಹಗಲು ಎಲ್ಲೋ ಗುಮಾಸ್ತೆ ಕೆಲಸ ಮಾಡಿ ಬಂದವರು, ಅವರೂ ಆಕಳಿಸುತ್ತಿದ್ದರಂತೆ. ಅಜ್ಜ ಎಸ್‌ಎಸ್‌ಸಿ ಪಾಸು ಮಾಡೋ ಹೊತ್ತಿಗೆ ಇಪ್ಪತ್ತು ತುಂಬಿತ್ತು. ಪಾಸಾದ ಮೇಲೆ ಅದೇ ಹೋಟೆಲಿನ ಗಲ್ಲಾದ ಮೇಲೆ ಕೂತರು.

ನಮ್ಮ ಕಡೆ ಈ ಕತೆಯನ್ನು ಸಾಧನೆಯ ಕತೆಯಾಗಿ ಹೇಳುತ್ತೇವೆ, ಮದುವೆ ಮನೆಗಳಲ್ಲಿ ನಾನೂ ಹೇಳಿದ್ದೇನೆ. ಮಾಟುಂಗಾದ ಫುಟ್‌ಪಾತಿನಲ್ಲಿ ಸ್ವಲ್ಪ ಬೇರೆ ಥರ ಕಂಡಿತು. ಹನ್ನೆರಡು ವರ್ಷದ ಮಗು ದಿನಕ್ಕೆ ಹದಿನಾರೂವರೆ ಗಂಟೆ ದುಡಿದು, ಮಿಕ್ಕಿದ್ದರಲ್ಲಿ ಓದಬೇಕಾಯಿತು. ಹೋಟೆಲು, ಢಾಬಾಗಳಲ್ಲಿ ಹದಿನಾಲ್ಕರ ಕೆಳಗಿನ ಮಕ್ಕಳನ್ನು ಇಟ್ಟುಕೊಳ್ಳಬಾರದು ಅಂತ ಕೇಂದ್ರ ಸರ್ಕಾರದ ನಿಷೇಧ ಬಂದದ್ದು 2006ರ ಅಕ್ಟೋಬರ್ 10ರಿಂದ. ಅಷ್ಟು ಹೊತ್ತಿಗೆ ಊರಿನಲ್ಲೇ ಹೈಸ್ಕೂಲು, ಕಾಲೇಜು ಬಂದು ಮಾಣಿಗಳು ಬರೋದೂ ಕಡಿಮೆಯಾಗಿತ್ತು. ಕನ್ನಡ ರಾತ್ರಿ ಶಾಲೆಗಳು ಒಂದೊಂದಾಗಿ ಮುಚ್ಚಿದಾಗ ಪತ್ರಿಕೆಗಳಲ್ಲಿ ವಿಷಾದದ ಲೇಖನ ಬಂತು. ನನಗೂ ವಿಷಾದವೇ. ಆದರೆ ಯಾವುದಕ್ಕೆ ಅಂತ ಸರಿಯಾಗಿ ಹೇಳೋಕೆ ಬರಲ್ಲ, ಆ ಶಾಲೆಗೆ ಮಕ್ಕಳು ಬಾರದೇ ಹೋದದ್ದು ಒಳ್ಳೆಯ ಸುದ್ದಿಯೂ ಹೌದಲ್ಲ.

ನಾಲ್ಕನೇ ಸಂಜೆ, ಕೊನೆಯದು, ಮೆರೀನ್ ಡ್ರೈವ್.

ಸಮುದ್ರ ಒತ್ತಿ ಮಾಡಿದ ನೆಲ ಇದು, ಬ್ಯಾಕ್‌ಬೇ ಯೋಜನೆಯದ್ದು. ರಸ್ತೆಯ ಈಚೆಗಿನ ಆರ್ಟ್ ಡೆಕೊ ಮನೆಗಳ ಸಾಲು 1930, 40ರ ದಶಕದ್ದು. 2018ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ಆಗ ಅಲ್ಲಿ ಫ್ಲ್ಯಾಟು ತೆಗೆದುಕೊಂಡವರು ಸಾಹುಕಾರರು, ರಾಜರು. ಆದರೆ ಅವರ ಮನೆ ಎದುರಿನ ಆ ಉದ್ದನೆಯ ಗೋಡೆ, ಮೂರೂವರೆ ಕಿಲೋಮೀಟರಿಗಿಂತ ಹೆಚ್ಚು, ಅದಕ್ಕೆ ಗೇಟಿಲ್ಲ, ಟಿಕೆಟಿಲ್ಲ, ಏನಾದರೂ ಕೊಳ್ಳಲೇಬೇಕು ಅಂತಿಲ್ಲ. ನಮ್ಮ ಲಾಲ್‌ಬಾಗಿನ ಗೇಟು ಏಳಕ್ಕೆ ಹಾಕುತ್ತಾರೆ. ಆಮೇಲೆ ಬೆಂಗಳೂರಿನಲ್ಲಿ ದುಡ್ಡು ಕೊಡದೆ ಎಲ್ಲಿ ಕೂರಬಹುದು ಹೇಳಿ ನೋಡೋಣ. ನಾನು ಯೋಚಿಸಿ ಸೋತೆ.

ಗೋಡೆಯ ಮೇಲೆ ಕೂತೆ. ಎಡಕ್ಕೆ ಆಫೀಸು ಬ್ಯಾಗು ತೊಡೆ ಮೇಲಿಟ್ಟುಕೊಂಡ ಒಬ್ಬ ವಯಸ್ಸಾದವರು, ಬಲಕ್ಕೆ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡ ಹುಡುಗಿ ಮತ್ತು ಅವಳ ಹುಡುಗ. ಅವರೆಲ್ಲರ ಬೆನ್ನು ಊರಿಗೆ, ಮುಖ ಸಮುದ್ರಕ್ಕೆ. ಈ ಊರಿನಲ್ಲಿ ಒಂಟಿಯಾಗಿರಬೇಕೆಂದರೆ ಬೀದಿಗೆ ಬರಬೇಕು, ಮನೆಯಲ್ಲಿ ಜಾಗ ಇಲ್ಲ. ಅದೇ ಹಳೇ ಚಾಳಿನ ಲೆಕ್ಕ ಇನ್ನೂ ನಡೆಯುತ್ತಿದೆ. ಬಹುಶಃ ಅದಕ್ಕೇ ಇಲ್ಲಿ ಒಬ್ಬಳೇ ಕೂತ ಹೆಂಗಸನ್ನು ಬೇರೆ ಊರುಗಳಷ್ಟು ದಿಟ್ಟಿಸುವುದಿಲ್ಲ. ದಿಟ್ಟಿಸೋದೇ ಇಲ್ಲ ಅನ್ನೋಲ್ಲ. ಕಡಲೆಕಾಯಿಯವನು ‘ಟೈಮ್‌ಪಾಸ್, ಟೈಮ್‌ಪಾಸ್’ ಅಂತ ಕೂಗಿಕೊಂಡು ಬಂದ. ಒಂದು ಪೊಟ್ಟಣ ತಗೊಂಡೆ.

ಎಂಟೂಕಾಲಿಗೆ ಅಜ್ಜನಿಗೆ ನಾನೇ ಫೋನ್ ಮಾಡಿದೆ. ಎಲ್ಲಿದ್ದೀನಿ ಅಂತ ಹೇಳಿದೆ. ‘ಅಜ್ಜ, ಹನ್ನೊಂದು ವರ್ಷದಲ್ಲಿ ಒಂದು ದಿನವೂ ಸಂಜೆ ಸುಮ್ನೆ ತಿರುಗಾಡಿಲ್ವಾ? ನಿಜ ಹೇಳಿ.’

ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಒಂದ್ ದಿನ ಶಾಲಿಗ್ ಚಕ್ಕರ್ ಹಾಕಿದ್ದೆ. ಟ್ರಾಮ್ ನಿಲ್ಸಿದ್ ದಿನ. ಇವತ್ತ್ ಕಡಿ ಟ್ರಾಮ್ ಅಂಬ್ರ್ ಅಂದೇಳಿ ಬೋರಿಬಂದರಿಗೆ ಹೋಯ್ದೆ. ಊರಿಗ್ ಊರೇ ಬಂದಿತ್ತ್ ಮಾರಾಯ್ತಿ. ಹತ್ತುಕೆ ಆಯ್ಲಿಲ್ಲ. ಬದಿಯಂಗೆ ನಿಂತ್ಕಂಡ್ ಕಂಡೆ.’

ಮುಂಬೈಯ ಎಲೆಕ್ಟ್ರಿಕ್ ಟ್ರಾಮು 1907ರಲ್ಲಿ ಶುರುವಾದದ್ದು, ನಿಂತದ್ದು 1964ರ ಮಾರ್ಚ್ 31ರ ರಾತ್ರಿ. ಕೊನೆಯ ಗಾಡಿ ಬೋರಿಬಂದರಿನಿಂದ ದಾದರಿಗೆ. ಆಮೇಲೆ ಕ್ಯಾಲೆಂಡರ್ ನೋಡಿದೆ: ಮಂಗಳವಾರ. ಶಾಲೆ ಇದ್ದಿರಬೇಕಾದ ದಿನವೇ. ಅಜ್ಜನಿಗೆ ಆಗ ಹತ್ತೊಂಬತ್ತು. ಟ್ರಾಮು ಹೋದ ಮೇಲೆ ಏನು ಮಾಡಿದಿರಿ ಅಂದೆ. ‘ಎಂತ ಮಾಡುದ್? ಹೋಟ್ಲಿಗ್ ಬಂದೆ. ತಡ ಆಯ್ತ್ ಅಂತ ಭಟ್ರ್ ಬೈದ್ರ್.’

ಹಿಂದಿನಿಂದ ಅಜ್ಜಿಯ ದನಿ ಕೇಳಿತು. ಅಜ್ಜಿ ಮುಂಬೈ ನೋಡಿದವರಲ್ಲ. ಮದುವೆಯಾದ ಮೇಲೂ ಎರಡು ವರ್ಷ ಅಜ್ಜ ಅಲ್ಲಿದ್ದರು, ಅಜ್ಜಿ ಇಲ್ಲಿ ಗದ್ದೆ, ದನ, ಅತ್ತೆ ಮಾವಂದಿರ ಜೊತೆ. ‘ಟ್ರಾಮಿಗ್ ಹೋದ್ ಕತಿ ನಂಗ್ ಇವತ್ತಿನ್ವರಿಗೂ ಹೇಳ್ಲಿಲ್ಲ ಕಾಣ್’ ಅಂತ ಫೋನ್ ತೆಗೆದುಕೊಂಡರು.

‘ಅದೆಂತ ಸದ್ದ್ ಅದ್?’

‘ಸಮುದ್ರ ಅಜ್ಜಿ. ನೋಡ್ತೀರಾ?’ ವಿಡಿಯೋ ಹಾಕಿ ಕ್ಯಾಮೆರಾ ತಿರುಗಿಸಿದೆ. ಕತ್ತಲೆ. ಮಲಬಾರ್ ಹಿಲ್ ಕಡೆಗೆ ಬಾಗಿದ ದೀಪದ ಸಾಲು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ.

‘ಬರೀ ಲೈಟ್ ಕಾಣ್ತ್’ ಅಂದರು ಅಜ್ಜಿ. ‘ಒಬ್ಳೇ ಕೂತ್ಕಂಡಿದ್ಯಾ? ಎಂತ ಮಾಡ್ತಾ ಇದ್ದೆ?’

‘ಏನಿಲ್ಲ. ಸುಮ್ನೆ.’

ಅಜ್ಜಿ ಇನ್ನೊಂದು ಸಲ ಕ್ಯಾಮೆರಾ ತಿರುಗಿಸೋಕೆ ಹೇಳಿದರು, ನಿಧಾನಕ್ಕೆ. ತಿರುಗಿಸಿದೆ. ಆ ದೀಪಗಳೆಲ್ಲ ರಾತ್ರಿಯಿಡೀ ಉರೀತಾವಾ, ಕರೆಂಟ್ ಬಿಲ್ ಯಾರು ಕಟ್ತಾರೆ ಅಂತ ಕೇಳಿದರು.